ಉಪ್ಪರಿಗೆಯ ಸ್ಟ್ರೀಮರ್ ಫೋನಿಗೆ ಕಾಣುವುದಿಲ್ಲ, ಅಡುಗೆಕೋಣೆಯ ಸ್ಪೀಕರ್ ಮಳೆಗಾಲದಲ್ಲಿ ನಿಲ್ಲುತ್ತದೆ: ತಪ್ಪು ಎಲ್ಲಿದೆ?

ಪ್ರಶ್ನೆ: ನಮ್ಮದು ಕಟಪಾಡಿ ಹತ್ತಿರ ಅಜ್ಜನ ಕಾಲದ ಕೆಂಪುಕಲ್ಲಿನ ಮನೆ. ಹತ್ತು ವರ್ಷದ ಹಿಂದೆ ಹಂಚಿನ ಮಾಡು ತೆಗೆದು, ಸ್ಲ್ಯಾಬ್ ಹಾಕಿ ಉಪ್ಪರಿಗೆ ಕಟ್ಟಿಸಿದೆವು. ಫೈಬರ್ ಕಂಪನಿಯ ಡಬ್ಬಿ ಕೆಳಗೆ ಚಾವಡಿಯಲ್ಲಿದೆ. ಅಲ್ಲಿಂದ ಮೆಟ್ಟಿಲ ಬದಿಯಲ್ಲಿ ಲ್ಯಾನ್ ಕೇಬಲ್ ಎಳೆದು ಉಪ್ಪರಿಗೆಯಲ್ಲಿ ನಾನೇ ಕೊಂಡ ರೂಟರ್ ಇಟ್ಟಿದ್ದೇನೆ. ಅದರ ಯುಎಸ್‌ಬಿ ಪೋರ್ಟಿಗೆ ಒಂದು ಹಾರ್ಡ್ ಡಿಸ್ಕ್. ಅಪ್ಪ ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳನ್ನೆಲ್ಲ ಫೈಲ್ ಮಾಡಿ ಅದರಲ್ಲಿ ಹಾಕಿದ್ದೇನೆ. ಅದೇ ಕೋಣೆಯಲ್ಲಿ ಆಂಪ್ಲಿಫೈಯರಿಗೆ ಜೋಡಿಸಿದ ಸ್ಟ್ರೀಮರ್, ಅಂದರೆ ಜಾಲದಿಂದ ಹಾಡು ತಂದು ನುಡಿಸುವ ಸಾಧನ, ವೈಫೈಯಲ್ಲಿ ಓಡುತ್ತದೆ. ಅಮ್ಮನಿಗೆ ಕೆಳಗೆ ಅಡುಗೆಕೋಣೆಯಲ್ಲಿ ಸಣ್ಣ ಸ್ಮಾರ್ಟ್ ಸ್ಪೀಕರ್ ಇದೆ. ಸ್ಟ್ರೀಮರ್ ಒಮ್ಮೊಮ್ಮೆ ಫೋನಿನಲ್ಲಿ ಕಾಣುತ್ತದೆ, ಒಮ್ಮೊಮ್ಮೆ ಇಲ್ಲ. ಕಂಡರೂ ಹಾಡು ನಡುನಡುವೆ ನಿಲ್ಲುತ್ತದೆ, ಡಿಸ್ಕಿನ ತಾಳಮದ್ದಳೆಯೂ ನಿಲ್ಲುತ್ತದೆ. ಅಮ್ಮನ ಸ್ಪೀಕರ್ ಬೇಸಿಗೆಯಲ್ಲಿ ಸರಿ ಇರುತ್ತದೆ. ಜೋರು ಮಳೆಯ ಆಟಿ ತಿಂಗಳು ಬಂತೆಂದರೆ ಸುಪ್ರಭಾತ ಮುಗಿಯುವುದರೊಳಗೆ ನಾಲ್ಕು ಸಲ ತಡವರಿಸುತ್ತದೆ. ಕರೆಂಟ್ ಹೋಗಿ ಬಂದರೆ ಎರಡರ ಪ್ಲಗ್ಗನ್ನೂ ಕಿತ್ತು ಹಾಕಬೇಕು. ಪ್ಲ್ಯಾನನ್ನು 40 ಎಂಬಿಪಿಎಸ್‌ನಿಂದ 150ಕ್ಕೆ ಏರಿಸಿದೆ, ಏನೂ ಬದಲಾಗಲಿಲ್ಲ. ಅಂಗಡಿಯವರು 15 ಸಾವಿರದ ಮೆಶ್ (ಮನೆಯಿಡೀ ವೈಫೈ ಹರಡುವ ಡಬ್ಬಿಗಳ ಜೋಡಿ) ಹಾಕಿ ಅನ್ನುತ್ತಾರೆ. ಗೆಳೆಯನೊಬ್ಬ ‘ಆಡಿಯೋಫೈಲ್’ ಲ್ಯಾನ್ ಕೇಬಲ್ ಕೊಳ್ಳು ಅನ್ನುತ್ತಾನೆ. ಫೋನಿನ ಐಪಿ (ಜಾಲದ ವಿಳಾಸ) 192.168.1.7, ಸ್ಟ್ರೀಮರಿನದು 192.168.0.103 ಎಂದಿದೆ. ಏನು ಮಾಡಲಿ?

ಉತ್ತರ: ನೀವು ದಾಟಿಕೊಂಡು ಹೋದಂತೆ ಬರೆದ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ: ಡಿಸ್ಕಿನ ತಾಳಮದ್ದಳೆಯೂ ನಿಲ್ಲುತ್ತದೆ. ಆ ಫೈಲು ಇಂಟರ್ನೆಟ್ಟಿನಿಂದ ಬರುವುದಿಲ್ಲ. ರೂಟರಿನ ಹಿಂದಿನ ಡಿಸ್ಕಿನಿಂದ ಹೊರಟು, ಅದೇ ಕೋಣೆಯ ಗಾಳಿಯಲ್ಲಿ ಹಾದು, ಸ್ಟ್ರೀಮರಿಗೆ ಸೇರುತ್ತದೆ. ಆದ್ದರಿಂದ ಫೈಬರ್ ಕಂಪನಿಗೆ ದೂರು ಕೊಟ್ಟೂ ಪ್ರಯೋಜನವಿಲ್ಲ, ಪ್ಲ್ಯಾನ್ ಏರಿಸಿಯೂ ಪ್ರಯೋಜನವಿಲ್ಲ. ತೊಂದರೆ ಮನೆಯೊಳಗಿದೆ. ಅದೂ ಒಂದಲ್ಲ, ನಾಲ್ಕು ಬೇರೆ ಬೇರೆ ತೊಂದರೆಗಳು ಒಂದೇ ಮನೆಯಲ್ಲಿ ಕೂಡಿವೆ. ಒಂದು ಮದ್ದು ನಾಲ್ಕಕ್ಕೂ ತಾಗುತ್ತಿಲ್ಲವಾದ್ದರಿಂದ ಏನು ಮಾಡಿದರೂ ಸರಿಯಾಗುವುದಿಲ್ಲ ಅನಿಸುತ್ತಿದೆ.

ವೇಗದ ಮಾತನ್ನು ಮೊದಲೇ ಮುಗಿಸಿಬಿಡೋಣ. ಹಾಡಿನ ಆ್ಯಪ್‌ಗಳಲ್ಲಿ ಒಳ್ಳೆಯ ಗುಣಮಟ್ಟದ ಎಂಪಿ3 ಮಾದರಿಯ ಧ್ವನಿಗೆ 320 ಕೆಬಿಪಿಎಸ್ ಸಾಕು. ಕುಗ್ಗಿಸದ ಸಿಡಿ ಗುಣಮಟ್ಟಕ್ಕೆ 1411 ಕೆಬಿಪಿಎಸ್. 24 ಬಿಟ್, 96 ಕಿಲೋಹರ್ಟ್ಸ್‌ನ ಸ್ಟೀರಿಯೋವನ್ನು ಕುಗ್ಗಿಸದೆ ಕಳಿಸಿದರೂ ಬೇಕಾದದ್ದು ಸುಮಾರು 4.6 ಎಂಬಿಪಿಎಸ್. ನಿಮ್ಮ ಹಳೆಯ 40 ಎಂಬಿಪಿಎಸ್‌ನಲ್ಲೇ 320 ಕೆಬಿಪಿಎಸ್‌ನ ನೂರಿಪ್ಪತ್ತು ಹಾಡು ಒಟ್ಟಿಗೆ ಬರಬಹುದಿತ್ತು. ಸಂಗೀತಕ್ಕೆ ಬೇಕಾದದ್ದು ತೆಳ್ಳಗಾದರೂ ಕಡಿಯದ ಧಾರೆ. ಸ್ಪೀಕರ್ ಕೆಲವು ಸೆಕೆಂಡಿನಷ್ಟು ಹಾಡನ್ನು ಮೊದಲೇ ತುಂಬಿಟ್ಟುಕೊಂಡಿರುತ್ತದೆ. ನಿಮ್ಮ ಕಿವಿಗೆ ‘ನಿಂತಿತು’ ಎಂದು ಗೊತ್ತಾಗುವ ಹೊತ್ತಿಗೆ ಆ ಸಂಗ್ರಹವೂ ಬರಿದಾಗಿದೆ ಎಂದರ್ಥ.

ಗೆಳೆಯರು ಹೇಳಿದ ದುಬಾರಿ ಕೇಬಲ್ ಬೇಡ. ಲ್ಯಾನ್ ಕೇಬಲಿನಲ್ಲಿ ಹೋಗುವುದು ಧ್ವನಿಯ ಅಲೆಯಲ್ಲ, ಅಂಕಿಗಳ ಪೊಟ್ಟಣ. ಪ್ರತಿ ಪೊಟ್ಟಣಕ್ಕೂ ತಪ್ಪು ಹಿಡಿಯುವ ಲೆಕ್ಕ ಅಂಟಿಕೊಂಡಿರುತ್ತದೆ. ಕೆಟ್ಟದ್ದನ್ನು ಎಸೆದು ಮತ್ತೆ ತರಿಸಿಕೊಳ್ಳಲಾಗುತ್ತದೆ. ಕೇಬಲ್ ಕೆಟ್ಟಿದ್ದರೆ ಹಾಡು ನಿಲ್ಲಬಹುದು, ‘ಮಂಕಾಗುವುದು’ ಸಾಧ್ಯವಿಲ್ಲ.

ಈಗ ಮೊದಲನೆಯ ತೊಂದರೆ: ಸ್ಟ್ರೀಮರ್ ಕಾಣುವುದು, ಮಾಯವಾಗುವುದು. ನೀವು ಬರೆದುಕೊಟ್ಟ ಎರಡು ಐಪಿ ನೋಡಿ. ಒಂದರಲ್ಲಿ ಮೂರನೆಯ ಅಂಕಿ 1, ಇನ್ನೊಂದರಲ್ಲಿ 0. ಅಂದರೆ ನಿಮ್ಮ ಮನೆಯಲ್ಲಿ ಎರಡು ಜಾಲಗಳಿವೆ. ಫೈಬರಿನ ಡಬ್ಬಿ, ಅದನ್ನು ಒಎನ್‌ಟಿ ಅನ್ನುತ್ತಾರೆ, ತಾನೇ ಒಂದು ರೂಟರ್. ಅದು ಕೆಳಗಿನವರಿಗೆ 192.168.1 ಸಾಲಿನ ವಿಳಾಸ ಹಂಚುತ್ತದೆ. ಉಪ್ಪರಿಗೆಯ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಕಿಂಡಿಗೆ) ಕೇಬಲ್ ಹಾಕಿದ್ದರಿಂದ ಅದು ತನ್ನದೇ ಸಂಸಾರ ಹೂಡಿ 192.168.0 ಸಾಲಿನ ವಿಳಾಸ ಹಂಚುತ್ತಿದೆ. ಇಂಟರ್ನೆಟ್ ಎರಡೂ ಕಡೆ ಬರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಆದರೆ ಸ್ಪೀಕರನ್ನು ಹುಡುಕುವ ಬಗೆ ಬೇರೆ. ಫೋನಿನ ಆ್ಯಪ್ ‘ಇಲ್ಲಿ ಹಾಡು ನುಡಿಸುವವರು ಯಾರಾದರೂ ಇದ್ದೀರಾ?’ ಎಂದು ಜಾಲದಲ್ಲಿರುವ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಏರ್‌ಪ್ಲೇ, ಗೂಗಲ್ ಕಾಸ್ಟ್, ಸ್ಪಾಟಿಫೈ ಕನೆಕ್ಟ್ ಇವು 224.0.0.251 ಎಂಬ ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಕೂಗುತ್ತವೆ. ಡಿಸ್ಕಿನ ಫೈಲುಗಳನ್ನು ಹುಡುಕುವ ಡಿಎಲ್‌ಎನ್‌ಎ 239.255.255.250ಕ್ಕೆ, 1900ನೇ ಪೋರ್ಟಿನಲ್ಲಿ ಕೂಗುತ್ತದೆ. ಈ ಕೂಗು ಸಾಮಾನ್ಯ ಮನೆ ರೂಟರನ್ನು ದಾಟುವುದಿಲ್ಲ. ಪಾಗಾರದ ಆಚೆಗೆ ಕೇಳದ ಮಾತು ಅದು. ನೀವು ಉಪ್ಪರಿಗೆಗೆ ಹತ್ತಿದಾಗ ಫೋನ್ ಮೇಲಿನ ವೈಫೈಗೆ ಹಾರಿದರೆ ಸ್ಟ್ರೀಮರ್ ಕಾಣುತ್ತದೆ. ಕೆಳಗಿನದಕ್ಕೇ ಅಂಟಿಕೊಂಡಿದ್ದರೆ ಎದುರಲ್ಲೇ ಇದ್ದರೂ ಕಾಣುವುದಿಲ್ಲ. ಸ್ಪಾಟಿಫೈಯಲ್ಲಿ ಮಾತ್ರ ಕಂಡು ಉಳಿದ ಆ್ಯಪ್‌ಗಳಲ್ಲಿ ಕಾಣದಿದ್ದರೂ ಆಶ್ಚರ್ಯವಿಲ್ಲ. ಖಾತೆಗೆ ಒಮ್ಮೆ ಸೇರಿದ ಸಾಧನವನ್ನು ಅದು ಇಂಟರ್ನೆಟ್ ಮೂಲಕವೂ ತೋರಿಸಬಲ್ಲದು.

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲದ ಮದ್ದಿದೆ: ಉಪ್ಪರಿಗೆಯ ರೂಟರನ್ನು ಬರೀ ಆಕ್ಸೆಸ್ ಪಾಯಿಂಟ್, ಅಂದರೆ ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಡಬ್ಬಿ, ಮಾಡುವುದು. ಎಷ್ಟೋ ರೂಟರುಗಳಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ಒಂದೇ ಒತ್ತಿನಲ್ಲಿ ಇದು ಆಗುತ್ತದೆ. ಆದರೆ ಕೆಲವು ಮಾಡೆಲ್‌ಗಳಲ್ಲಿ ಆ ಮೋಡಿಗೆ ಹೋದ ಕೂಡಲೇ ಯುಎಸ್‌ಬಿ ಡಿಸ್ಕ್ ಹಂಚಿಕೆ ಬಂದ್ ಆಗುತ್ತದೆ. ಆಗ ತಾಳಮದ್ದಳೆ ಹೋಯಿತು! ಹಾಗಾಗಿ ನಿಮಗೆ ಕೈಯಾರೆ ಮಾಡುವ ದಾರಿಯೇ ಮೇಲು. ಮೊದಲು ಚಾವಡಿಯ ಡಬ್ಬಿಯ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಹಂಚುವ ವಿಳಾಸಗಳನ್ನು 192.168.1.20ರಿಂದ 192.168.1.199ರ ಒಳಗೆ ಮಿತಿಗೊಳಿಸಿ. ಆಮೇಲೆ ಲ್ಯಾಪ್‌ಟಾಪನ್ನು ಮೇಲಿನ ರೂಟರಿಗೆ ಕೇಬಲಿನಲ್ಲಿ ಜೋಡಿಸಿ, ಬ್ರೌಸರಿನಲ್ಲಿ 192.168.0.1ಕ್ಕೆ ಹೋಗಿ, ಮೆಟ್ಟಿಲ ಬದಿಯಿಂದ ಬಂದ ಕೇಬಲನ್ನು ಸದ್ಯಕ್ಕೆ ಕಿತ್ತಿಡಿ. ರೂಟರಿನ ಲ್ಯಾನ್ ಐಪಿಯನ್ನು 192.168.1.2 ಮಾಡಿ ಉಳಿಸಿ. ಅದು ಮತ್ತೆ ಶುರುವಾದ ಮೇಲೆ ಹೊಸ ವಿಳಾಸದಲ್ಲೇ ಒಳಹೊಕ್ಕು ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕಿತ್ತಿಟ್ಟ ಕೇಬಲನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟುಗಳಲ್ಲಿ ಒಂದಕ್ಕೆ ಹಾಕಿ. ವ್ಯಾನ್ ಖಾಲಿ ಇರಲಿ.

ಈ ಕ್ರಮ ತಪ್ಪಬಾರದು. ಡಿಎಚ್‌ಸಿಪಿ ಆಫ್ ಮಾಡುವ ಮೊದಲೇ ಕೇಬಲ್ ಲ್ಯಾನ್ ಪೋರ್ಟಿಗೆ ಹೋದರೆ ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚತೊಡಗುತ್ತಾರೆ. ಯಾರಿಗೆ ಯಾವುದು ಸಿಕ್ಕಿತೋ ಗೊತ್ತಾಗದೆ ಮನೆಯ ಅರ್ಧ ಸಾಧನಗಳಿಗೆ ಇಂಟರ್ನೆಟ್ ಇರುವುದಿಲ್ಲ. ಎಲ್ಲ ಸರಿಯಾದ ಮೇಲೂ ಮೇಲಿನ ರೂಟರಿನ ಇಂಟರ್ನೆಟ್ ದೀಪ ಕೆಂಪಾಗಿಯೋ ನಂದಿಯೋ ಇರಬಹುದು. ವ್ಯಾನ್ ಖಾಲಿಯಾದ್ದರಿಂದ ಹಾಗೆ, ಗಾಬರಿಯಾಗಬೇಡಿ. ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಕೊಡಿ. ಹಳೆಯ ಸ್ಪೀಕರುಗಳಿಗೆ ಡಬ್ಲ್ಯುಪಿಎ3 ಆಗಿಬರುವುದಿಲ್ಲ, ಡಬ್ಲ್ಯುಪಿಎ2 ಎಇಎಸ್ ಸಾಕು. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 1ನೇ ಚಾನೆಲ್, ಮೇಲೆ 11, ಅಗಲ ಎರಡಕ್ಕೂ 20 ಮೆಗಾಹರ್ಟ್ಸ್. 40 ಇಟ್ಟರೆ ನಿಮ್ಮದೇ ಎರಡು ರೂಟರುಗಳು ಒಂದರ ಮೇಲೊಂದು ಮಾತಾಡುತ್ತವೆ.

ಇಷ್ಟಾದರೂ ಕಾಣದಿದ್ದರೆ ಮೂರು ಕಡೆ ನೋಡಿ. ಡಬ್ಬಿಯ ವೈಫೈ ಸೆಟ್ಟಿಂಗಿನಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ಗೋಡೆ ಹಾಕುವ ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಆನ್ ಆಗಿದ್ದರೆ ಆಫ್ ಮಾಡಿ. ಗೆಸ್ಟ್ ವೈಫೈಯಲ್ಲಿ ಸ್ಪೀಕರ್ ಇಡಬೇಡಿ, ಅಲ್ಲಿ ಈ ಗೋಡೆ ಬೇಕೆಂದೇ ಕಟ್ಟಿರುತ್ತದೆ. ಐಫೋನ್ ಆದರೆ ಪ್ರೈವಸಿ ಸೆಟ್ಟಿಂಗಿನ ಲೋಕಲ್ ನೆಟ್‌ವರ್ಕ್ ಪಟ್ಟಿಯಲ್ಲಿ ಆ ಆ್ಯಪ್‌ಗೆ ಅನುಮತಿ ಇದೆಯೇ ನೋಡಿ. 2020ರ ಐಒಎಸ್ 14ರಿಂದ ಈ ಅನುಮತಿ ಕಡ್ಡಾಯ. ಮೊದಲ ಸಲ ಕೇಳಿದಾಗ ‘ಬೇಡ’ ಎಂದು ಒತ್ತಿ ಮರೆತವರು ಬಹಳ ಮಂದಿ.

ಇನ್ನೊಂದು ವಿಚಿತ್ರ ರೋಗವಿದೆ: ಆನ್ ಮಾಡಿದ ಕೂಡಲೇ ಸಾಧನ ಕಾಣುತ್ತದೆ, ನಾಲ್ಕೈದು ನಿಮಿಷಕ್ಕೆ ಸರಿಯಾಗಿ ಮಾಯವಾಗುತ್ತದೆ. ಇದು ಐಜಿಎಂಪಿ ಸ್ನೂಪಿಂಗ್‌ನ ಕೆಲಸ. ಯಾರಿಗೆ ಕೂಗು ಬೇಕು ಎಂದು ರೂಟರ್ ಪಟ್ಟಿ ಇಟ್ಟುಕೊಳ್ಳುತ್ತದೆ, ಆಗಾಗ ‘ಇನ್ನೂ ಇದ್ದೀರಾ?’ ಎಂದು ಕೇಳುವವರಿಲ್ಲದಿದ್ದರೆ 260 ಸೆಕೆಂಡಿಗೆ ಹೆಸರು ಹೊಡೆದುಹಾಕುತ್ತದೆ. ಗಡಿಯಾರ ಹಿಡಿದು ನೋಡಿ ಅಷ್ಟೇ ಹೊತ್ತಿಗೆ ಮಾಯವಾದರೆ ಸ್ನೂಪಿಂಗ್ ಆಫ್ ಮಾಡಿ. ಮನೆಯ ಮಟ್ಟದಲ್ಲಿ ಅದರಿಂದ ನಷ್ಟ ಕಡಿಮೆ. ಇಂಟರ್ನೆಟ್ ಸಂಪರ್ಕದಲ್ಲೇ ಟಿವಿ ಚಾನೆಲ್ ಬರುತ್ತಿದ್ದರೆ ಮಾತ್ರ ಅದಕ್ಕೆ ಅಡ್ಡಿಯಾಯಿತೇ ಎಂದು ಗಮನಿಸಿ.

ಎರಡನೆಯದು, ಒಂದೇ ಕೋಣೆಯಲ್ಲಿದ್ದೂ ತಾಳಮದ್ದಳೆ ನಿಲ್ಲುವುದು. ಇಲ್ಲಿ ನನ್ನ ಸಂಶಯ ನೇರವಾಗಿ ಆ ಹಾರ್ಡ್ ಡಿಸ್ಕಿನ ಮೇಲೆ. ನಿಮ್ಮ ರೂಟರಿನ ಯುಎಸ್‌ಬಿ ಪೋರ್ಟಿನ ಒಳಗಿನ ಪ್ಲಾಸ್ಟಿಕ್ ನೀಲಿ ಇದ್ದರೆ ಅದು ಯುಎಸ್‌ಬಿ 3. ಈ ಬಗೆಯ ಸಂಪರ್ಕ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಿಸ್ಕೂ ಅದರ ಗಿಡ್ಡ ವೈರೂ ಆಂಟೆನಾದ ಬುಡದಲ್ಲೇ ಇದ್ದರೆ, ಡಿಸ್ಕ್ ಓದತೊಡಗಿದ ಗಳಿಗೆಯಲ್ಲೇ ರೂಟರಿಗೆ ಕಿವಿ ಮಂದವಾಗುತ್ತದೆ. ಪರೀಕ್ಷೆ ಸುಲಭ: ಡಿಸ್ಕನ್ನು ಕಿತ್ತಿಟ್ಟು ಅರ್ಧ ತಾಸು ಇಂಟರ್ನೆಟ್ ಹಾಡು ನುಡಿಸಿ. ಆಗ ನಿಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಯುಎಸ್‌ಬಿ 2 ಪೋರ್ಟ್ ಇದ್ದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಒಂದು ಮೀಟರಿನ, ಲೋಹದ ಹೊದಿಕೆಯ ಒಳ್ಳೆಯ ವೈರ್ ಹಾಕಿ ಡಿಸ್ಕನ್ನು ದೂರ ಇಡಿ. ಧ್ವನಿ ಫೈಲಿಗೆ ಯುಎಸ್‌ಬಿ 2ರ ವೇಗ ಧಾರಾಳ.

ಇದಕ್ಕೂ ಮೇಲಿನ ಉಪಾಯವೆಂದರೆ ಸ್ಟ್ರೀಮರನ್ನು ವೈಫೈಯಿಂದಲೇ ಬಿಡಿಸುವುದು. ಆಂಪ್ಲಿಫೈಯರಿನ ಪಕ್ಕದಿಂದ ಅಲುಗಾಡದ ಸಾಧನ ಅದು, ಹಿಂದೆ ಲ್ಯಾನ್ ಪೋರ್ಟ್ ಇರುವ ಸಾಧ್ಯತೆಯೇ ಹೆಚ್ಚು. ಅದೇ ಕೋಣೆಯ ರೂಟರಿಗೆ ಐದಾರು ಮೀಟರ್ ಕೇಬಲ್ ಹಾಕಿದರೆ ತೊಂದರೆಯ ಬೇರೇ ಹೋಯಿತು. ಕೊಳ್ಳುವಾಗ ಒಂದು ಎಚ್ಚರ: ಅಗ್ಗದ ಕೇಬಲಿನಲ್ಲಿ ತಾಮ್ರ ಬಳಿದ ಅಲ್ಯೂಮಿನಿಯಂ ತಂತಿ ಇರುತ್ತದೆ. ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ನಮ್ಮ ಕಡಲತಡಿಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ಜೋಡಣೆ ಬೇಗ ಕೆಡುತ್ತದೆ. ಮೆಟ್ಟಿಲ ಬದಿಯ ನಿಮ್ಮ ಹಳೆಯ ಕೇಬಲಿನ ಎರಡು ತುದಿಯ ಪ್ಲಗ್ಗನ್ನೂ ಬೆಳಕಿಗೆ ಹಿಡಿಯಿರಿ. ಹಳದಿ ಹೊಳಪಿನ ಎಂಟು ಗೆರೆಗಳಲ್ಲಿ ಯಾವುದಾದರೂ ಹಸಿರುಗಟ್ಟಿದ್ದರೆ ಆ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿಸಿ.

ಮೂರನೆಯದು, ಅಡುಗೆಕೋಣೆಯದು, ಬೇರೆಯೇ ಕಥೆ. ‘ಮಳೆಗೆ ಸಿಗ್ನಲ್ ಬೀಳುತ್ತದೆ’ ಎಂಬ ಮಾತು ಡಿಟಿಎಚ್ ಡಿಶ್ಶಿಗೆ ಸತ್ಯ. ಅದರ ಅಲೆ 10 ಗಿಗಾಹರ್ಟ್ಸ್‌ಗಿಂತ ಮೇಲಿನದು, ಮೋಡ ಮಳೆಗಳನ್ನೆಲ್ಲ ಹಾದು ಬರಬೇಕು. ಮನೆಯೊಳಗೆ ಹತ್ತು ಹನ್ನೆರಡು ಮೀಟರ್ ಹೋಗುವ ವೈಫೈಗೆ ಹೊರಗಿನ ಮಳೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಗೋಡೆ. ಕೆಂಪುಕಲ್ಲು, ನಮ್ಮ ಮುರಕಲ್ಲು, ತೂತುತೂತಾದ ಕಲ್ಲು. ಜೂನಿನಿಂದ ಸೆಪ್ಟೆಂಬರ್ ತನಕ ನೆಲದಿಂದಲೂ ಹೊರಮೈಯಿಂದಲೂ ನೀರು ಕುಡಿಯುತ್ತಲೇ ಇರುತ್ತದೆ. ನೀರು ಈ ಅಲೆಗಳನ್ನು ಹೀರುತ್ತದೆ, 5 ಗಿಗಾಹರ್ಟ್ಸನ್ನು ಇನ್ನೂ ಹೆಚ್ಚು. ಗೋಡೆಯ ಬುಡದಲ್ಲಿ ಸುಣ್ಣ ಉದುರಿ ತೇವದ ಗೆರೆ ಮೇಲೇರಿದ್ದು ಕಾಣುತ್ತದಲ್ಲ, ಸ್ಪೀಕರಿನ ದಾರಿ ಆ ಗೋಡೆಯ ಮೂಲಕವೇ. ಚಾವಡಿಯಿಂದ ಹಿಂದಿನ ಅಡುಗೆಕೋಣೆಗೆ ಅಂಥ ಎರಡು ಗೋಡೆಯಾದರೂ ಅಡ್ಡ ಬರುತ್ತವೆ. ಬೇಸಿಗೆಯಲ್ಲಿ ಹೇಗೋ ದಡ ಸೇರುತ್ತಿದ್ದ ಸಿಗ್ನಲ್ ಆಟಿಯಲ್ಲಿ ಮುಳುಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ, ಸ್ಪೀಕರ್ ಇರುವ ಜಾಗದಲ್ಲೇ ಫೋನ್ ಇಟ್ಟು, ಬಾಗಿಲು ಮುಚ್ಚಿ, ಮಳೆ ಬರುವ ದಿನ ಅಳೆಯಿರಿ. ಸಿಗ್ನಲಿನ ಬಲ ಮೈನಸ್ 60 ಡಿಬಿಎಂ ಬಂದರೆ ಚೆನ್ನ, 67 ತನಕ ನಡೆಯುತ್ತದೆ, 75 ದಾಟಿದರೆ ಹಾಡು ನಿಲ್ಲುವುದು ಸಹಜ. ಹತ್ತು ಅಂಕಿ ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಯಿತು ಎಂದರ್ಥ. ಜತೆಗೆ ಅಲ್ಲಿಂದಲೇ ಪಿಂಗ್ ಆ್ಯಪ್ ಮೂಲಕ 192.168.1.1ಕ್ಕೆ (ಚಾವಡಿಯ ಡಬ್ಬಿಗೆ) 200 ಸಲ, ಆಮೇಲೆ 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರಿಗೆ) 200 ಸಲ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ?’ ಎಂದು ಕೇಳಿ ಉತ್ತರ ಬರುತ್ತದೆಯೇ ನೋಡಿ. ಮೊದಲನೆಯದರಲ್ಲೇ ಉತ್ತರ ತಪ್ಪಿದರೆ ಗೋಡೆಯ ತೊಂದರೆ. ಮೊದಲನೆಯದು ಸ್ವಚ್ಛವಾಗಿದ್ದು ಎರಡನೆಯದರಲ್ಲಿ ಮಾತ್ರ ತಪ್ಪಿದರೆ ಆಗ ಕಂಪನಿಯವರನ್ನು ಕರೆಯಿರಿ. ಅವರು ಬರುವ ಮೊದಲು ಒಎನ್‌ಟಿಯ ಪುಟದಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ಫೈಬರಿನಿಂದ ಬರುವ ಬೆಳಕಿನ ಬಲ) ಬರೆದಿಡಿ. ಮೈನಸ್ 27 ಡಿಬಿಎಂ ಹತ್ತಿರವಿದ್ದರೆ ಡಬ್ಬಿ ಅಂಚಿನಲ್ಲಿ ನಿಂತಿದೆ. ಕಂಬದ ಜಾಯಿಂಟ್ ಬಾಕ್ಸಿಗೆ ನೀರಿಳಿದಿರಬಹುದು, ತೆಂಗಿನ ಮಡಲು ಬಿದ್ದು ವೈರ್ ಮಡಚಿರಬಹುದು.

ಅಳೆದ ಮೇಲೆ ಮೊದಲ ಮದ್ದು ಸ್ಪೀಕರಿನ ಜಾಗ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಗೋಡೆ ಪಾತ್ರೆಗಳಿಗೆ ತಾಗಿ ಮರಳಿದ ಅಲೆಗಳು ಕೂಡಿ ಕಳೆಯುವುದರಿಂದ ಒಂದು ಗೇಣು ಸರಿಸಿದರೂ ಅಂಕಿ ಬದಲಾಗುತ್ತದೆ. ಫ್ರಿಜ್ಜಿನ ಮರೆ, ಸ್ಟೀಲ್ ಪಾತ್ರೆಯ ಸ್ಟ್ಯಾಂಡ್, ಮೈಕ್ರೋವೇವ್ ಒವನ್ ಇವುಗಳಿಂದ ದೂರ ತಂದು ಬಾಗಿಲ ನೇರಕ್ಕೆ ಇಡಿ.

ಸಾಲದಿದ್ದರೆ ಚಾವಡಿಯಿಂದ ಅಡುಗೆಕೋಣೆಗೆ ಒಂದು ಕ್ಯಾಟ್ 6 ಕೇಬಲ್ ಮತ್ತು ಸಣ್ಣ ಆಕ್ಸೆಸ್ ಪಾಯಿಂಟ್. ನಾನು ಇದನ್ನೇ ಆರಿಸುತ್ತೇನೆ. ಮುರಕಲ್ಲು ಕೊರೆಯಲು ಮೆದು, ಆದರೆ ಅಂಚು ಉದುರುತ್ತದೆ. ಹ್ಯಾಮರ್ ಬಳಸದೆ ಬರೀ ತಿರುಗುವ ಡ್ರಿಲ್ಲಿನಲ್ಲಿ ತೂತು ಮಾಡಿಸಿ, ಒಳಗೆ ಪಿವಿಸಿ ಪೈಪಿನ ತುಂಡು ಕೂರಿಸಿ. ಹೊರಗೋಡೆಯಾದರೆ ತೂತು ಹೊರಕ್ಕೆ ಇಳಿಜಾರಾಗಿರಬೇಕು, ಕೇಬಲ್ ಒಳಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಬಿಡಬೇಕು. ಇಲ್ಲದಿದ್ದರೆ ಮಳೆನೀರು ಕೇಬಲನ್ನೇ ಹಿಡಿದು ಪ್ಲಗ್ಗಿನೊಳಗೆ ಇಳಿಯುತ್ತದೆ.

ವೈರಿಲ್ಲದ ಮೆಶ್ಶಿಗೂ ಅದೇ ಒದ್ದೆ ಗೋಡೆ ದಾಟಬೇಕು. ಎರಡನೆಯ ಡಬ್ಬಿಯನ್ನು ಎರಡು ಗೋಡೆಗಳ ನಡುವೆ, ಬಾಗಿಲುಗಳು ನೇರ ಕಾಣುವಲ್ಲಿ ಇಡಲು ಜಾಗವಿದ್ದರೆ ಮಾತ್ರ ಯೋಚಿಸಿ, ಹಿಂದಿರುಗಿಸುವ ಅವಕಾಶ ಇಟ್ಟುಕೊಂಡೇ ಕೊಳ್ಳಿ. ಒಂದೇ ರೇಡಿಯೋದ ಅಗ್ಗದ ರಿಪೀಟರ್ ಪ್ರತಿ ಪೊಟ್ಟಣವನ್ನೂ ಕೇಳಿ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧವಾಗುತ್ತದೆ. ಒಂದು ಸ್ಪೀಕರಿಗೆ ಅದೂ ಸಾಕು, ಸಿಗ್ನಲ್ ಸತ್ತಲ್ಲಿ ಇಡದೆ ನಡುದಾರಿಯಲ್ಲಿ ಇಟ್ಟರೆ. ಕರೆಂಟ್ ವೈರಿನಲ್ಲೇ ಜಾಲ ಒಯ್ಯುವ ಪವರ್‌ಲೈನ್ ಅಡಾಪ್ಟರ್ ತ್ರೀ ಫೇಸ್ ಇರುವ, ಇನ್ವರ್ಟರ್ ಲೈನ್ ಬೇರೆ ಎಳೆದ ಮನೆಗಳಲ್ಲಿ ಕೈಕೊಡುವುದೇ ಹೆಚ್ಚು.

ನಾಲ್ಕನೆಯದು, ಕರೆಂಟ್ ಬಂದ ಮೇಲೆ ಸ್ಪೀಕರ್ ಏಳದಿರುವುದು. ಇದು ಸರದಿಯ ತಪ್ಪು. ಸ್ಪೀಕರ್ ಅರ್ಧ ನಿಮಿಷದಲ್ಲಿ ಎದ್ದು ವಿಳಾಸ ಕೇಳುತ್ತದೆ. ಒಎನ್‌ಟಿ ಎದ್ದು ಫೈಬರ್ ಹಿಡಿಯಲು ಎರಡು ಮೂರು ನಿಮಿಷ ಬೇಕು. ಕೊಡುವವರಿಲ್ಲದೆ ಸ್ಪೀಕರ್ ತಾನೇ 169.254ರಿಂದ ಶುರುವಾಗುವ ವಿಳಾಸ ಇಟ್ಟುಕೊಳ್ಳಬಹುದು, ಅಥವಾ ನಾಲ್ಕು ಸಲ ಪ್ರಯತ್ನಿಸಿ ಸುಮ್ಮನಾಗಬಹುದು. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್ ಇಟ್ಟಿದ್ದರೆ ರೇಡಾರ್ ಇದೆಯೇ ಎಂದು ರೂಟರ್ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೂರುವುದು ನಿಯಮ. ಅದರಿಂದ ಇನ್ನಷ್ಟು ತಡ. 36–48 ಅಥವಾ 149–161ಕ್ಕೆ ಬದಲಿಸಿ. ಎರಡೂ ಸಾಧನಗಳಿಗೆ ಡಬ್ಬಿಯಲ್ಲೇ ಖಾಯಂ ವಿಳಾಸ ಕಾದಿರಿಸಿ.

ಮುಖ್ಯವಾಗಿ ಒಎನ್‌ಟಿಗೂ ಮೇಲಿನ ರೂಟರಿಗೂ ಮಿನಿ ಯುಪಿಎಸ್ ಹಾಕಿ, ಅವು ಆರದಿದ್ದರೆ ಈ ಗೊಂದಲವೇ ಇಲ್ಲ. ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ ಯುಪಿಎಸ್‌ನದಕ್ಕೆ ಸರಿಸಮ ಇರಬೇಕು, ಯುಪಿಎಸ್‌ನ ಆಂಪಿಯರ್ ಅಡಾಪ್ಟರಿನಷ್ಟೇ ಅಥವಾ ಹೆಚ್ಚು, ಪಿನ್ನಿನ ಪ್ಲಸ್ ಮೈನಸ್ ಗುರುತು ಒಂದೇ. 10000 ಎಂಎಎಚ್ ಎಂದರೆ 3.7 ವೋಲ್ಟಿನ ಲೆಕ್ಕದಲ್ಲಿ 37 ವ್ಯಾಟ್ ಅವರ್, ನಷ್ಟ ಕಳೆದರೆ 30ರ ಆಸುಪಾಸು. 8 ವ್ಯಾಟ್ ಎಳೆಯುವ ಒಂದು ಡಬ್ಬಿಗೆ ಮೂರೂವರೆ ತಾಸು ಸಿಗುತ್ತದೆ. ಮನೆಗೆ ಇನ್ವರ್ಟರ್ ಇದ್ದೂ ಡಬ್ಬಿ ಮಿಣುಕಿ ಮತ್ತೆ ಶುರುವಾಗುತ್ತಿದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ ನೋಡಿ.

ಒಂದು ಮಾತು ಸಿಡಿಲಿನ ಬಗ್ಗೆ, ಏಕೆಂದರೆ ಈಗ ಮನೆಯಲ್ಲಿ ಇನ್ನಷ್ಟು ತಾಮ್ರ ಓಡಾಡಲಿದೆ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ ಮೋಡ ಕಟ್ಟಿದಾಗಲೇ, ಗುಡುಗು ಕೇಳುವ ಮೊದಲೇ, ಕರೆಂಟ್ ಪ್ಲಗ್ ಮಾತ್ರವಲ್ಲ, ಲ್ಯಾನ್ ಕೇಬಲನ್ನೂ ಎರಡು ತುದಿಯಲ್ಲಿ ಕೀಳಿ. ಒಎನ್‌ಟಿ ಮಿನಿ ಯುಪಿಎಸ್ ಮೇಲಿದ್ದರೆ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಗುಡುಗು ಕೇಳತೊಡಗಿದ ಮೇಲೆ ಯಾವುದನ್ನೂ ಮುಟ್ಟಬೇಡಿ. ಫೈಬರಿನ ಗಾಜಿನ ಎಳೆಗೆ ವಿದ್ಯುತ್ ಹರಿಯುವುದಿಲ್ಲ, ಆದರೆ ಕಂಬದಿಂದ ಬರುವ ವೈರಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುವುದುಂಟು. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಿದ್ದಾರೆಯೇ ನೋಡಿ. ಉಕ್ಕಿನ ಸಮೇತ ಚಾವಡಿಯೊಳಗೆ ಬಂದಿದ್ದರೆ, ಮುಂದಿನ ಸಲ ಕಂಪನಿಯ ಹುಡುಗ ಬಂದಾಗ ಮೊದಲು ಅದನ್ನು ಸರಿಮಾಡಿಸಿ.